ಬೀರುವಿನೊಳಗಿನ ಉಸಿರು

ಹಳೆಯ ವಿಡಿಯೋ ಗೇಮ್‌ಗಳ ವಿಮರ್ಶೆ ಬರೆಯುವುದು ನನ್ನ ಕಸುಬು. ಯಾರೂ ಮೂಸಿಯೂ ನೋಡದ ಹಾರರ್ ಗೇಮ್ ಒಂದನ್ನು ಮೊನ್ನೆ ಮಟಮಟ ಮಧ್ಯಾಹ್ನ, ಕಿಟಕಿ ತೆರೆದಿಟ್ಟುಕೊಂಡೇ, ಹೆಡ್‌ಫೋನ್ ಹಾಕಿಕೊಂಡು ಆಡಿದೆ. ಖಾಲಿ ಆಸ್ಪತ್ರೆಯಲ್ಲಿ ಸಿಕ್ಕಿಕೊಂಡ ನರ್ಸ್ ಒಬ್ಬಳು ಬೆಳಗಾಗುವವರೆಗೆ ಜೀವ ಉಳಿಸಿಕೊಳ್ಳಬೇಕು, ಅಷ್ಟೇ ಕಥೆ.

ಕೊರತೆಗಳು ಬೇಕಾದಷ್ಟಿವೆ. ನಕ್ಷೆಯ ತಲೆಬುಡ ತಿಳಿಯುವುದಿಲ್ಲ. ಒಂದು ಬಾಗಿಲು ತೆರೆಯುವಷ್ಟರಲ್ಲಿ ನಮಗೆ ಆಕಳಿಕೆ ಬಂದಿರುತ್ತದೆ. ಬೆನ್ನಟ್ಟುವ ದೆವ್ವವಂತೂ ಮೇಜಿಗೆ ಸಿಕ್ಕಿಕೊಂಡು ಅಲ್ಲೇ ಒದ್ದಾಡಿತು, ನಾನು ನಕ್ಕುಬಿಟ್ಟೆ. ಆದರೆ ನರ್ಸ್ ಬೀರುವಿನೊಳಗೆ ಅಡಗಿ ಕೂತಾಗಿನ ಸದ್ದಿಗೆ ತಲೆದೂಗಲೇಬೇಕು. ಬಲಗಿವಿಯಲ್ಲಿ ಅವಳ ಏದುಸಿರು. ಎಡಗಿವಿಯಲ್ಲಿ ಇನ್ಯಾರದೋ ನಿಧಾನದ ಉಸಿರು, ಅವಳು ಉಸಿರು ಬಿಗಿಹಿಡಿದಾಗಲೂ ನಿಲ್ಲದ್ದು. ಕೇಳುತ್ತಾ ಕೇಳುತ್ತಾ ಆ ಕಿವಿ ಬೆಚ್ಚಗಾಯಿತು. ಇದೆಲ್ಲವನ್ನೂ ಬರೆದು, ತಪ್ಪು ತಿದ್ದಲು ಎಂದಿನಂತೆ ತಂಗಿಗೆ ಕೊಟ್ಟೆ.

ಅರ್ಧ ಓದಿದವಳು ಪೆನ್ನು ಕೆಳಗಿಟ್ಟಳು.

"ಅಣ್ಣಾ, ಇದೇನು ಎಡಗಿವಿ ಅಂತ ಬರ್ದಿದೀಯ?"

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗೇನೋ ಇದೆ. ಆದ್ರೆ ಚಿಕ್ಕಂದಿನಲ್ಲಿ ಜ್ವರ ಬಂದಾಗಿಂದ ನಿಂಗೆ ಆ ಕಿವಿ ಕೇಳ್ಸೋದೇ ಇಲ್ವಲ್ಲ."

ಆಟದ ಗುಂಗಿನಲ್ಲಿ ನನಗದು ಹೊಳೆದೇ ಇರಲಿಲ್ಲ. ನರ್ಸನ್ನು ಮತ್ತೆ ಬೀರುವಿನೊಳಗೆ ಕೂರಿಸಿ, ಹೆಡ್‌ಫೋನನ್ನು ತಂಗಿಗೆ ಹಾಕಿದೆ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿಸಿಕೊಂಡಳು.

"ಒಬ್ಬಳದ್ದೇ ಉಸಿರು ಕೇಳ್ತಿರೋದು, ಅಣ್ಣ. ಇನ್ಯಾರೂ ಇಲ್ಲ."

ಹೆಡ್‌ಫೋನ್ ಅವಳ ತಲೆಯ ಮೇಲಿತ್ತು. ನನ್ನ ಎಡಗಿವಿ ಇನ್ನೂ ಬೆಚ್ಚಗಿತ್ತು, ಆ ಉಸಿರು ಇನ್ನೂ ನಿಧಾನವಾಗಿ ನಡೆಯುತ್ತಲೇ ಇತ್ತು.