ಬೀಗವಿತ್ತು, ಸಹಿ ಇರಲಿಲ್ಲ

"ಇದರಲ್ಲಿ ನನ್ನ ಸಹಿ ಎಲ್ಲಿದೆ?"

ಅವನು ಅವಳ ಮುಖ ನೋಡದೆ ಕೇಳಿದ. ಎದುರಿಗೆ ಅವನ ತಂದೆ, ಆ ಕಚೇರಿಯ ಹಿರಿಯ ವಕೀಲರು, ಅವಳ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡಿದ್ದರು. ಪರದೆಯ ಮೇಲೆ ಅವನ ಹೆಸರಿನ ಇಮೇಲ್: 'ನೀನಿಲ್ಲದ ಮನೆಗೆ ನಾನು ಕಾಲಿಡಲ್ಲ...'

ಕಚೇರಿಯಲ್ಲಿ ಗುಸುಗುಸು ಎದ್ದಿತ್ತು. "ನನ್ನ ಮಗನ ಹಿಂದೆ ಬಿದ್ದಿದ್ದೀಯಂತಲ್ಲಮ್ಮ?" ಎಂದು ಅವರು ಕರೆಸಿ ಕೇಳಿದಾಗ, ಕಿರಿಯ ವಕೀಲೆಯಾದ ಅವಳು ಬೇರೆ ದಾರಿ ಕಾಣದೆ ಅದನ್ನು ತೋರಿಸಿದ್ದಳು.

"ನನ್ನ ಹೆಸರಲ್ಲಿ ಯಾರು ಬೇಕಾದ್ರೂ ಬರೆದಿರಬಹುದು ಅಪ್ಪ."

ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದಲ್ಲೇ ಕುಳಿತು ಹೇಳಿಕೊಟ್ಟವನು ಇವನೇ ಅಲ್ಲವೇ! "ನಾನು ನಿಮಗೆ ಕಳಿಸೋ ಇಮೇಲ್‌ಗೆ ಬೀಗ ಹಾಕಿದ್ರೆ ನೀವೊಬ್ರೇ ಓದಬಹುದು. ಡಿಜಿಟಲ್ ಸಹಿ ಹಾಕಿದ್ರೆ ಬರೆದವನು ನಾನೇ ಅಂತ ಗೊತ್ತಾಗುತ್ತೆ. ಆಮೇಲೆ ನಾನಲ್ಲ ಅನ್ನೋಕಾಗಲ್ಲ."

ಕಕ್ಷಿದಾರರಿಗೆ ಬರೆಯುವ ಎರಡು ಸಾಲಿಗೂ ಅವನ ಸಹಿ ಇರುತ್ತಿತ್ತು. ಅವಳಿಗೆ ಬರೆದ ಪ್ರೀತಿಗೆ ಮಾತ್ರ ಬರೀ ಬೀಗ. 'ನನಗೊಬ್ಬಳಿಗೇ ಅಂತ ಎಷ್ಟು ಜೋಪಾನ...' ಎಂದು ಹಿಗ್ಗಿದ್ದಳು ಪೆದ್ದು ಹುಡುಗಿ.

ಈಗ ಅರ್ಥವಾಯಿತು. ಬೀಗ ಹಾಕಿದ್ದು ಅಪ್ಪನಿಗೆ ಹೆದರಿ. ಸಹಿ ಬಿಟ್ಟದ್ದು, ನಾಳೆ ಕೈ ತೊಳೆದುಕೊಳ್ಳಲು.

"ಹೌದು ಸರ್, ಸಹಿ ಇಲ್ಲ," ಎಂದು ಲ್ಯಾಪ್‌ಟಾಪ್ ಮುಚ್ಚಿಕೊಂಡು ಎದ್ದಳು. ಅಂದೇ ಕೆಲಸ ಬಿಟ್ಟು ಅಕ್ಕನ ಮನೆ ಸೇರಿದಳು.

"ಹೋಗ್ಲಿ ಬಿಡೇ," ಅಂದಳು ಅಕ್ಕ. "ಅಪ್ಪನ ಮುಂದೆ ಬಾಯಿ ಸತ್ತ ವಕೀಲ. ನಾಳೆ ನಿನ್ನ ಪರ ಏನು ವಾದ ಮಾಡ್ತಾನೆ?"

ಅವಳಿಗೆ ನಗು ಬರಲಿಲ್ಲ. ಬೀಗ ಹಾಕಿದ ಇಮೇಲ್‌ಗಳು ಮತ್ತೆ ಮತ್ತೆ ಬಂದವು. ತೆರೆಯಲಿಲ್ಲ; ಅಳಿಸಲೂ ಮನಸ್ಸು ಬರಲಿಲ್ಲ.

ಕೆಲವು ವಾರಗಳ ಮೇಲೆ ಬಂದ ಒಂದಕ್ಕೆ ಬೀಗವಿರಲಿಲ್ಲ. ಅವಳೊಬ್ಬಳಿಗೇ ಬಂದದ್ದೂ ಅಲ್ಲ. ಅವನ ತಂದೆಗೆ, ತಾಯಿಗೆ, ಇಡೀ ಕಚೇರಿಗೆ ಹೋಗಿತ್ತು.

'ಅವಳು ತೋರಿಸಿದ್ದು ನಾನೇ ಬರೆದದ್ದು. ಅವಳು ನನ್ನ ಹಿಂದೆ ಬಿದ್ದಿರಲಿಲ್ಲ, ನಾನೇ ಬಿದ್ದಿದ್ದೆ. ಹೆದರಿ ಸುಳ್ಳು ಹೇಳಿದೆ.'

ಸಹಿ ಇತ್ತು. ಪರೀಕ್ಷಿಸಿ ನೋಡಿದಳು, ಅವನದೇ. ಅಷ್ಟು ದಿನ ತಡೆದಿದ್ದ ಅಳು ಆಗ ಬಂತು. ಸಿಟ್ಟೂ ಬಂತು. ಬೆಂಕಿ ಎಲ್ಲ ಸುಟ್ಟ ಮೇಲೆ ಬಾವಿ ತೋಡುವವನ ಹಾಗೆ ಈಗ ಎಚ್ಚರವಾಯಿತೇ ಇವನಿಗೆ?

ಸಂಜೆ ಅಕ್ಕನ ಮನೆ ಬಾಗಿಲಲ್ಲಿ ಅವನು ನಿಂತಿದ್ದ, ಹೆಗಲಿಗೆ ಬಟ್ಟೆಯ ಚೀಲ.

"ಅಪ್ಪ ಮನೆಯಿಂದ ಹೊರಗೆ ಹಾಕಿದ್ರು."

"ನನ್ನನ್ನ ಹೊರಗೆ ಹಾಕಿದ್ದು ನೀನು."

ಅವನು ತಲೆ ತಗ್ಗಿಸಿದ. "ಪ್ರೀತಿ ಸುಳ್ಳಲ್ಲ ಕಣೆ... ಧೈರ್ಯ ಇರಲಿಲ್ಲ."

"ಧೈರ್ಯ ಇಲ್ಲದ ಪ್ರೀತಿ ಇಟ್ಕೊಂಡು ನಾನೇನು ಮಾಡ್ಲಿ?"

"ಹೋಗು ಅಂದ್ರೆ ಹೋಗ್ತೀನಿ."

ಬಾಗಿಲು ಮುಚ್ಚಲು ಕೈ ಚಾಚಿದಳು. ಮುಚ್ಚಲಿಲ್ಲ. ಇಷ್ಟಾದರೂ ಅವನ ಮೇಲಿನ ಪ್ರೀತಿ ಹೋಗಿರಲಿಲ್ಲ, ಅದೇ ಅವಳ ಸಂಕಟ.

"ಅವತ್ತು ನಿನ್ನದಲ್ಲ ಅಂದೆಯಲ್ಲ, ಆ ಸಾಲು ಹೇಳು," ಎಂದಳು. "ಅಕ್ಕನಿಗೂ ಕೇಳೋ ಹಾಗೆ."

ಅವನು ಹೊಸ್ತಿಲಾಚೆ ನಿಂತೇ ಗಟ್ಟಿಯಾಗಿ ಹೇಳಿದ. "ನೀನಿಲ್ಲದ ಮನೆಗೆ ನಾನು ಕಾಲಿಡಲ್ಲ."

"ಇದನ್ನ ಬರೆದವನು ಯಾರು?"

"ನಾನೇ."

"ಕ್ಷಮಿಸೋಕೆ ದಿನ ಹಿಡಿಯುತ್ತೆ."

"ಹಿಡೀಲಿ."

ಅವಳು ಕಣ್ಣೊರೆಸಿಕೊಂಡು, ಅವನು ಒಳಗೆ ಬರುವಷ್ಟು ಪಕ್ಕಕ್ಕೆ ಸರಿದಳು.