ಆರೋ, ಒಂಬತ್ತೋ

“ಏನಪ್ಪಾ, ನನ್ ಚಪ್ಪಲಿ ನನಗಿಂತ ಮುಂಚೇನೇ ವೈಕುಂಠಕ್ಕೋದ್ವಾ?”

ಸೊಣ್ಣಮ್ಮಜ್ಜಿ ಕೇಳಿದಾಗ ಮುನೇಶ್ ಚಪ್ಪಲಿ ಗೂಡಿಗೆ ಮತ್ತೊಮ್ಮೆ ಇಣುಕಿದ. ಅಜ್ಜಿ ಕೊಟ್ಟ ರಟ್ಟಿನ ಟೋಕನ್ ಮೇಲೆ ೬೯ ಎಂದು ಬರೆದಿತ್ತು. ಆ ನಂಬರಿನ ಗೂಡಿನಲ್ಲಿದ್ದದ್ದು ಯಾರೋ ಗಂಡಸಿನ ಕಪ್ಪು ಶೂ.

ಯಲಹಂಕದ ಮೈದಾನದಲ್ಲಿ ಮೂರು ದಿನದ ವಿಷ್ಣು ಸಹಸ್ರನಾಮ ಸಮ್ಮೇಳನ. ಅಂದು ಮೊದಲ ದಿನ, ಸಂಜೆ ಐದು ಗಂಟೆ. ಮುನೇಶ್ ಕೆಂಪಾಪುರದ ಕಂಪನಿಯೊಂದರಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಪ್ರತಿನಿಧಿ ಶುಲ್ಕ ಒಂದೂವರೆ ಸಾವಿರ ಹೊಂದಿಸಲಾಗದೆ ಸೇವೆಗೆ ಹೆಸರು ಬರೆಸಿದ್ದ. ಸೇವೆಯವರಿಗೆ ಪ್ರವೇಶ, ಊಟ ಎರಡೂ ಉಚಿತ. ಅವನ ಪಾಲಿಗೆ ಬಂದದ್ದು ಚಪ್ಪಲಿ ಸ್ಟ್ಯಾಂಡ್. ಅಲ್ಲಿಂದ ವೇದಿಕೆ ಕಾಣುತ್ತಿರಲಿಲ್ಲ.

ಅರ್ಧ ಗಂಟೆ ಹುಡುಕಿದ. ಸಿಗಲಿಲ್ಲ. ಅಜ್ಜಿಗೆ ಸಕ್ಕರೆ ಕಾಯಿಲೆ, ಬರಿಗಾಲಲ್ಲಿ ನಡೆಯುವಂತಿಲ್ಲ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಮೊಮ್ಮಗಳು ಕೌಂಟರಿಗೆ ಬಂದಳು. ಹಸಿರು ಚೂಡಿದಾರ, ಹೆಗಲಲ್ಲಿ ಊಟದ ಡಬ್ಬಿಯ ಚೀಲ. ಹೆಸರು ಸರಳಾ.

“ಬೆಳಗ್ಗೆ ಈ ನಂಬರ್ ಏನಂತ ಓದಿದ್ರಿ?”

“ತೊಂಬತ್ತಾರು.”

“ಈಗ?”

“ಅರವತ್ತೊಂಬತ್ತು.”

“ಮಧ್ಯೆ ಏನಾಯ್ತು?”

“ಅನುಮಾನ ಬಂತು.”

ಅವಳು ನಗಲಿಲ್ಲ, ನಗು ತಡೆಯಲು ಕೆಳದುಟಿ ಕಚ್ಚಿದ್ದನ್ನು ಮಾತ್ರ ಅವನು ನೋಡಿದ. ಅವಳೇ ಬಗ್ಗಿ, ತೊಂಬತ್ತಾರನೇ ಗೂಡಿನಿಂದ ಅಜ್ಜಿಯ ನೀಲಿ ಚಪ್ಪಲಿ ತೆಗೆದಳು.

ಗೂಡುಗಳು ಶಾಮಿಯಾನದವರವು, ಅವುಗಳ ಮೇಲೆ ಮಾಮೂಲಿ ಇಂಗ್ಲಿಷ್ ಅಂಕೆ. ಟೋಕನ್ ಮಾತ್ರ ಕನ್ನಡ ಅಂಕೆಯಲ್ಲೇ ಇರಬೇಕೆಂದು ಸೇವೆಯ ಮೇಲ್ವಿಚಾರಕ ಮುನಿಆಂಜಿನಪ್ಪನವರು ಹಟ ಹಿಡಿದಿದ್ದರು. ಮುನೇಶ್ ಓದಿದ್ದು ಕನ್ನಡ ಮೀಡಿಯಂನಲ್ಲೇ. ಆದರೆ ಲೆಕ್ಕ ಮಾಡಿದ್ದೆಲ್ಲ ಇಂಗ್ಲಿಷ್ ಅಂಕೆಯಲ್ಲಿ.

“ಏನ್ ಕೆಲ್ಸ ಮಾಡ್ತೀರಿ?” ಎಂದು ಸರಳಾ ಕೇಳಿದಳು.

“ಲಿಫ್ಟ್ ಟೆಕ್ನಿಷಿಯನ್.”

“ಹಾಗಾದ್ರೆ ನಿಮ್ ಲಿಫ್ಟ್ ನಾನು ಹತ್ತಲ್ಲ. ಆರನೇ ಫ್ಲೋರ್ ಒತ್ತಿದ್ರೆ ಒಂಬತ್ತಕ್ಕೆ ಹೋದೀತು.”

ಬಾಗಲೂರಿನ ಜೆರಾಕ್ಸ್ ಅಂಗಡಿಯಲ್ಲಿ ಮದುವೆ ಪತ್ರಿಕೆ ಟೈಪ್ ಮಾಡುವುದು ಅವಳ ಕೆಲಸ. ಆರನೇ ತಾರೀಕು ಒಂಬತ್ತಾದರೆ ಊರಿಗೆ ಊರೇ ತಪ್ಪು ದಿನ ಬಂದು ನಿಲ್ಲುತ್ತದೆ ಎಂದಳು. ಸೀಮೆಸುಣ್ಣ ತೆಗೆದುಕೊಂಡು ಕೌಂಟರಿನ ಹಲಗೆಯ ಮೇಲೆ ಅಕ್ಕಪಕ್ಕ ಬರೆದಳು: ೬, ೯.

“ದಿನಾ ನೋಡಿ. ಕಣ್ಣಿಗೆ ತಾನೇ ಅಭ್ಯಾಸ ಆಗುತ್ತೆ.”

ಅವನು ನೋಡಿದ. ಅಂಕೆಗಳಿಗಿಂತ ಬರೆದ ಬೆರಳುಗಳನ್ನು ಹೆಚ್ಚು.

ಎರಡನೇ ದಿನ ಬೆಳಗ್ಗೆ ಮುನಿಆಂಜಿನಪ್ಪನವರು ಸೇವೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು: “ಭಕ್ತರ ಫೋನ್ ನಂಬರ್ ಯಾರೂ ಕೇಳ್ಕೂಡ್ದು. ಕೇಳಿದ್ದು ಗೊತ್ತಾದ್ರೆ ಬ್ಯಾಡ್ಜ್ ಬಿಚ್ಚಿಸ್ತೀನಿ.”

ಹಿಂದಿನ ರಾತ್ರಿಯೆಲ್ಲ ಮುನೇಶ್ ಯೋಚಿಸಿದ್ದು ಸರಳಾಳ ನಂಬರ್ ಕೇಳುವುದೊಂದನ್ನೇ. ಅವನಿರುವುದು ಹೆಸರಘಟ್ಟದಲ್ಲಿ, ಅವಳು ಬಾಗಲೂರಿನಲ್ಲಿ. ಯಲಹಂಕ ಬಿಟ್ಟರೆ ಇಬ್ಬರ ದಾರಿ ಎಲ್ಲೂ ಕೂಡುವುದಿಲ್ಲ. ನಂಬರ್ ಸಿಗದಿದ್ದರೆ ಮೂರನೇ ದಿನಕ್ಕೆ ಮುಗಿಯಿತು.

ಉಳಿದುಕೊಳ್ಳಲು ರೂಮಿನ ಖರ್ಚು ಬೇಡವೆಂದು ಅಜ್ಜಿ, ಮೊಮ್ಮಗಳು ದಿನಾ ಬಸ್ಸಿನಲ್ಲೇ ಬಂದು ಹೋಗುತ್ತಿದ್ದರು. ಹೆಂಗಸರಿಗೆ ಬಸ್ಸು ಉಚಿತ. ಅಂದು ಚೀಲದಲ್ಲಿ ಒಂದು ಡಬ್ಬಿ ಹೆಚ್ಚಿತ್ತು.

“ಚಿತ್ರಾನ್ನ. ಅಜ್ಜಿ ಕೊಟ್ಟಿದ್ದು,” ಎಂದಳು ಸರಳಾ.

“ನಾನ್ಯಾವಾಗ್ ಕೊಟ್ಟೆ?” ಎಂದಳು ಅಜ್ಜಿ.

ಮೂರನೇ ದಿನ ಹತ್ತು ಗಂಟೆಗೆ ಸಾಮೂಹಿಕ ಪಾರಾಯಣ. ಹತ್ತು ಸಾವಿರ ಜನ ಸೇರಿದ್ದಾರೆಂದು ಸಂಘಟಕರು ಹೇಳಿದರು. ಎಷ್ಟು ಜನರೋ ಮುನೇಶನಿಗೆ ತಿಳಿಯದು. ಗೂಡು ಸಾಲದೆ ಪಾದರಕ್ಷೆಗಳು ಗೇಟಿನವರೆಗೆ ಸಾಲುಗಟ್ಟಿದ್ದವು. ಬೂಟು, ಹವಾಯಿ, ಮಗುವಿನ ಪೀಪಿ ಶೂ, ಉಂಗುಟ ಕಿತ್ತು ಪಿನ್ನು ಹಾಕಿದ್ದು. ಅಷ್ಟೂ ಜನ ಒಳಗೆ ಬರಿಗಾಲಲ್ಲಿ ಇದ್ದಾರೆ ಎನ್ನಿಸಿದಾಗ ಅವನು ಅಡ್ಡ ಬಿದ್ದಿದ್ದ ಒಂದು ಜೊತೆಯನ್ನು ಬಗ್ಗಿ ಜೋಡಿಸಿಟ್ಟ.

ಅಷ್ಟರಲ್ಲಿ ಸರಳಾ ಹೊರಗೆ ಬಂದಳು. ಅಜ್ಜಿಯನ್ನು ಒಳಗೆ ಕೂರಿಸಿ ಬಂದಿದ್ದಳು.

“ಮೂರು ದಿನದಿಂದ ಒಳಗೇ ಹೋಗಿಲ್ಲ ನೀವು. ಹೋಗಿ. ಇಲ್ಲಿ ನಾನಿರ್ತೀನಿ.”

“ನೀವು ಬಂದಿರೋದೇ ಇದಕ್ಕಲ್ವಾ?”

“ಹೌದು. ಆದ್ರೂ ಹೋಗಿ.”

ಅವನು ಹೋಗಲಿಲ್ಲ. ಅವಳೂ ಹೋಗಲಿಲ್ಲ.

ಒಳಗೆ ಮೈಕ್ ಆಫ್ ಮಾಡಿದರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ದನಿ ಎದ್ದಿತು. ಅದು ಕಿವಿಗೆ ಬರುವ ಮೊದಲು ನೆಲಕ್ಕೆ ಬಂದಂತಿತ್ತು. ಮೇಲೆ ವಿಮಾನವೊಂದು ತಗ್ಗಿನಲ್ಲೇ ಹಾದುಹೋಯಿತು. ಅದರ ಸದ್ದು ಕೇಳಿಸಲಿಲ್ಲ.

ಮುನೇಶನ ಅಂಗೈ ಕಬ್ಬಿಣದ ಗೂಡಿನ ಮೇಲಿತ್ತು. ಕಬ್ಬಿಣ ನಡುಗುತ್ತಿತ್ತು. ಲಿಫ್ಟಿನ ಮೋಟಾರಿನ ನಡುಕ ಯಾವುದು, ಹಗ್ಗದ್ದು ಯಾವುದು ಎಂದು ಅವನ ಅಂಗೈ ಬಲ್ಲದು. ಇದು ಅಂಥದ್ದಲ್ಲ. ಮನುಷ್ಯರ ಉಸಿರು ಕಬ್ಬಿಣದೊಳಗೆ ಓಡುತ್ತಿತ್ತು.

“ಇಲ್ಲಿ ಕೈ ಇಡಿ,” ಎಂದ ಮೆಲ್ಲಗೆ.

ಅವಳು ಇಟ್ಟಳು. ಇಬ್ಬರ ಕೈಗಳ ನಡುವೆ ಒಂದು ಗೇಣು ಜಾಗ. ಅವಳು ಕಣ್ಣು ಮುಚ್ಚಿದಳು. ತುಟಿ ಒಳಗಿನವರ ಜೊತೆ ಅಲುಗುತ್ತಿತ್ತು. ರೆಪ್ಪೆಯ ಅಂಚಿನಲ್ಲಿ ನೀರು ನಿಂತಿತ್ತು. ಮುಗಿಯುವವರೆಗೂ ಇಬ್ಬರೂ ಕೈ ತೆಗೆಯಲಿಲ್ಲ.

ಜನ ಒಮ್ಮೆಗೇ ಹೊರಬಂದರು. ಮುನೇಶ್ ಒಂದು ಟೋಕನ್ನನ್ನೂ ತಪ್ಪು ಓದಲಿಲ್ಲ. ಅಜ್ಜಿಯ ಚಪ್ಪಲಿ ಕೊಡುವಾಗ ಮುನಿಆಂಜಿನಪ್ಪನವರು ಎರಡು ಮಾರು ದೂರದಲ್ಲಿ ನಿಂತಿದ್ದರು. ಅವನು ನಂಬರ್ ಕೇಳದೆ ಚಪ್ಪಲಿಯನ್ನು ಅಜ್ಜಿಯ ಕಾಲ ಬಳಿ ಇಟ್ಟ.

ಸರಳಾ ಟೋಕನ್ನನ್ನು ಬೆನ್ನು ಮೇಲಾಗಿ ಅವನ ಅಂಗೈಯಲ್ಲಿಟ್ಟಳು.

“ನೀವ್ ಕೇಳಿಲ್ಲ. ನಾನ್ ಕೊಟ್ಟೆ,” ಎಂದು ಅಜ್ಜಿಯ ಕೈ ಹಿಡಿದು ನಡೆದಳು.

ಹಿಂಬದಿಯಲ್ಲಿ ಪೆನ್ನಿನಿಂದ ಬರೆದ ಹತ್ತು ಅಂಕೆಗಳಿದ್ದವು, ಎಲ್ಲವೂ ಕನ್ನಡದಲ್ಲಿ. ಅವುಗಳಲ್ಲಿ ಐದು ಅಂಕೆಗಳು ಆರೋ ಒಂಬತ್ತೋ. ಕೆಳಗೆ ಒಂದು ಸಾಲು: ತಪ್ಪಿದರೆ ನನ್ನ ಜವಾಬ್ದಾರಿಯಲ್ಲ.

ಅವನು ಹಲಗೆಯ ಮುಂದೆ ನಿಂತ. ಸೀಮೆಸುಣ್ಣದ ಎರಡು ಅಂಕೆಗಳನ್ನು ಮೂರು ದಿನದಿಂದ ಯಾರಿಗೂ ಅಳಿಸಲು ಬಿಟ್ಟಿರಲಿಲ್ಲ. ಒಂದೊಂದನ್ನೂ ಹೋಲಿಸಿ ಒತ್ತಿದ.

“ಯಾರಪ್ಪಾ?” ಅಜ್ಜಿಯ ದನಿ, ಹಿಂದೆ ಬಸ್ಸಿನ ಸದ್ದು.

“ಚಪ್ಪಲಿ ಸ್ಟ್ಯಾಂಡ್ ಮುನೇಶ್ ಕಣಜ್ಜಿ.”

“ತಡಿ, ಅವ್ಳು ಕಂಡಕ್ಟರ್‌ಗೆ ಆಧಾರ್ ತೋರಿಸ್ತಾವ್ಳೆ. ಏ ಸರಳಾ, ತಗಳೇ. ಆಗ್ಲಿಂದ ಫೋನೇ ನೋಡ್ತಿದ್ದಲ್ಲ.”

ಫೋನ್ ಕೈ ಬದಲಾಯಿತು.

“ಎಷ್ಟನೇ ಸಲಕ್ಕೆ ಸಿಕ್ತು?” ಎಂದಳು ಅವಳು.

“ಮೊದಲನೇ ಸಲಕ್ಕೆ.”

ಅವನ ಇನ್ನೊಂದು ಕೈ ತಾನಾಗಿ ಗೂಡಿನ ಕಬ್ಬಿಣದ ಮೇಲೆ ಹೋಯಿತು. ಕಬ್ಬಿಣ ಈಗ ನಡುಗುತ್ತಿರಲಿಲ್ಲ.

“ಹಾಗಾದ್ರೆ,” ಎಂದಳು ಸರಳಾ, “ನಿಮ್ ಲಿಫ್ಟ್ ಹತ್ತಬಹುದು.”