ಅವ್ವನ ನಂಬರ್

"ಕಾವೇರಿ, ಫೋನ್ ಹಿಡಿ! ನನ್ನ ಕೈಯೆಲ್ಲ ಹಿಟ್ಟಾಗೇದ!"

ಅವ್ವ ಜಟ್ಟೆಮ್ಮ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಕಾವೇರಿ ಹೋಂವರ್ಕ್ ಬಿಟ್ಟು ಓಡಿಬಂದು ಫೋನನ್ನು ಅವಳ ಕಿವಿಗೆ ಹಿಡಿದಳು.

"ಜಟ್ಟೆಮ್ಮ ಮೇಡಂ, ಹೊಸ ಲೇಔಟ್‌ನಲ್ಲಿ ಸೈಟ್ ಇದೆ. ಸಂಡೇ ನೋಡೋಕೆ ಬರ್ತೀರಾ?"

"ಸೈಟ್ ಬ್ಯಾಡ್ರಿ ಯಪ್ಪಾ. ರೊಟ್ಟಿ ಬೇಕಾದ್ರ ಹೇಳ್ರಿ, ಬಿಸೀವು ಅದಾವ."

ಕಾವೇರಿಗೆ ನಗು ತಡೆಯಲಾಗಲಿಲ್ಲ. ರಾಮಮೂರ್ತಿ ನಗರದ ಒಂದೇ ಕೋಣೆಯ ಬಾಡಿಗೆ ಮನೆಯವರಿಗೆ ಸೈಟ್! ಅಷ್ಟರಲ್ಲಿ ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಬೆಳಗಿನಿಂದ ಇಂಥದ್ದು ಐದನೇ ಫೋನ್. ಎತ್ತದೆ ಇರುವಂತಿಲ್ಲ. ಅವ್ವ ಮಾರುವ ರೊಟ್ಟಿಗೆ ಆರ್ಡರ್ ಬರುವುದೂ ಇದೇ ಫೋನಿಗೆ.

"ನನ್ನ ಹೆಸರು ಇವರಿಗೆಲ್ಲ ಹ್ಯಾಂಗ ಗೊತ್ತಾತು?"

ಕಾವೇರಿಯ ನಗು ನಿಂತಿತು.

ಸೂಪರ್ ಮಾರ್ಕೆಟ್, ಚಪ್ಪಲಿ ಅಂಗಡಿ, ಐಸ್‌ಕ್ರೀಂ ಅಂಗಡಿಯ ಲಕ್ಕಿ ಡ್ರಾ. ಎಲ್ಲೇ ಕೇಳಲಿ, ಅವ್ವನ ಹೆಸರು, ನಂಬರ್ ಎರಡನ್ನೂ ಅವಳು ಒಂದೇ ಉಸಿರಿಗೆ ಹೇಳುತ್ತಿದ್ದಳು. "ಎಷ್ಟು ಶಾರ್ಪ್ ಇದೀಯ!" ಎಂದು ಅಂಗಡಿಯವರು ಹೊಗಳುತ್ತಿದ್ದರು.

ಮರುದಿನ ಅವ್ವ ಬೇಸತ್ತು ಫೋನನ್ನು ಸೈಲೆಂಟ್ ಮಾಡಿಸಿದಳು. ಸಂಜೆ ನೋಡಿದರೆ ಯಾವಾಗಲೂ ಅರವತ್ತು ರೊಟ್ಟಿಗೆ ಹೇಳುವ ಹೊರಮಾವಿನ ಶ್ರೀನಾಥ್ ಅವರ ನಾಲ್ಕು ಮಿಸ್ಡ್ ಕಾಲ್. ಅವ್ವ ಕೂಡಲೇ ತಿರುಗಿ ಫೋನ್ ಮಾಡಿದಳು.

"ನೀವು ಎತ್ತಲೇ ಇಲ್ವಲ್ಲಮ್ಮ. ಬೇರೆ ಕಡೆ ಹೇಳ್ಬಿಟ್ವಿ."

"ಅರವತ್ತು ರೊಟ್ಟಿ ಹೋದ್ವು," ಎಂದಳು ಅವ್ವ. ಫೋನನ್ನು ಕೆಳಗಿಟ್ಟಳು.

ಕಾವೇರಿ ಅವಳ ಪಕ್ಕ ಬಂದು ನಿಂತಳು. "ಅವ್ವಾ, ಎಲ್ಲರಿಗೂ ನಂಬರ್ ಕೊಟ್ಟಾಕಿ ನಾನ."

ಅವ್ವ ಬೈಯಲಿಲ್ಲ. ನಾದಿಟ್ಟ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿದಳು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಕಾವೇರಿ ಪಕ್ಕದ ಮನೆಯ ರಶ್ಮಿ ಅಕ್ಕನ ಬಳಿ ಹೋದಳು. "ಯಾರು ಫೋನ್ ಮಾಡ್ತಿದಾರೆ ಅಂತ ಹೆಸರು ತೋರ್ಸೋ ಆ್ಯಪ್ ಹಾಕ್ಲಾ ಅಕ್ಕ?"

"ನಿಮ್ಮವ್ವನ ಫೋನಲ್ಲಿರೋ ಎಲ್ಲರ ಹೆಸ್ರು, ನಂಬರ್ ತೋರ್ಸು ಅಂತ ಅದೂ ಕೇಳಿದ್ರೆ? ಅವರದ್ದೂ ಕೊಟ್ಬಿಡ್ತೀಯಾ?"

"ಬೇಡ ಅಕ್ಕ. ಮತ್ತೆ ಏನ್ ಮಾಡ್ಲಿ?"

"1909ಗೆ ಕಾಲ್ ಮಾಡು. ಸೇಲ್ಸ್ ಕಾಲ್ ಬೇಡ ಅಂತ ರಿಜಿಸ್ಟರ್ ಮಾಡ್ಸು. ಶುರುವಾಗೋಕೆ ಸ್ವಲ್ಪ ದಿನ ಬೇಕು. ಆದ್ರೆ ನೀನೇ ಊರೆಲ್ಲಾ ನಂಬರ್ ಹಂಚ್ತಾ ಇದ್ರೆ ಅವರಾದ್ರೂ ಏನ್ ಮಾಡ್ತಾರೆ?"

ಕಾವೇರಿ ಕೂಡಲೇ ಮನೆಗೆ ಓಡಿ ಅವ್ವನ ಫೋನಿನಿಂದ ಕಾಲ್ ಮಾಡಿದಳು.

ಭಾನುವಾರ ಅವ್ವ, ಮಗಳು ಸೂಪರ್ ಮಾರ್ಕೆಟ್‌ಗೆ ಹೋದರು. ಕೌಂಟರ್‌ನಲ್ಲಿದ್ದ ಅಬ್ರಾರ್ ಅಂಕಲ್ ಕಾವೇರಿಯನ್ನು ನೋಡಿ ನಕ್ಕರು. "ಬಂದ್ಳು ನೋಡಿ ಕಂಪ್ಯೂಟರ್! ಹೇಳಮ್ಮ ನಂಬರ್."

ಹತ್ತು ಅಂಕಿಗಳೂ ನಾಲಗೆಯ ತುದಿಗೆ ಬಂದವು. ಕಾವೇರಿ ತುಟಿ ಬಿಗಿದಳು.

"ಮರ್ತೋಯ್ತಾ?"

"ಇಲ್ಲ ಅಂಕಲ್, ನೆನಪಿದೆ. ಕೊಡಲ್ಲ. ನಂಬರ್ ಇಲ್ದೇ ಬಿಲ್ ಹಾಕಿ."

"ಪಾಯಿಂಟ್ಸ್ ಸಿಗಲ್ಲ ಮತ್ತೆ."

"ಬೇಡ ಅಂಕಲ್."

ಹಿಂದಿನಿಂದ ಯಾರೋ ಗೊಣಗಿದರು. "ಬೇಗ ಹೇಳಮ್ಮ, ಎಲ್ರೂ ಕಾಯ್ತಿದೀವಿ. ಯಾರ ಮಗಳು ನೀನು?"

ಕಾವೇರಿಯ ಕಿವಿ ಬಿಸಿಯಾಯಿತು. ಆದರೂ ಅಲುಗಾಡದೆ ನಿಂತಳು.

"ನನ್ನ ಮಗಳ್ರೀ," ಎಂದಳು ಅವ್ವ. ಇಡೀ ಸಾಲಿಗೆ ಕೇಳಿಸುವಂತೆ.

ಅಬ್ರಾರ್ ಅಂಕಲ್ ಒಂದು ಬಟನ್ ಒತ್ತಿದರು. ಕಿರ್ರೆಂದು ಬಿಲ್ ಬಂತು. ಅಷ್ಟೇ ಸುಲಭವಿತ್ತು.

ಹೊರಗೆ ಬಂದಾಗ ಅವ್ವ ಚೀಲಗಳನ್ನೆಲ್ಲ ತಾನೇ ಹೊತ್ತಳು. ಫೋನನ್ನು ಮಾತ್ರ ಕಾವೇರಿಯ ಕೈಗಿತ್ತಳು.

"ಇದು ನಿನ್ನ ಕಡೇನ ಇರ್ಲಿ."

ಕಾವೇರಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನಡೆದಳು. ದಾರಿಯುದ್ದಕ್ಕೂ ಆ ಹತ್ತು ಅಂಕಿಗಳನ್ನು ಮತ್ತೆ ಮತ್ತೆ ಹೇಳಿಕೊಂಡಳು, ಬಾಯಿ ತೆರೆಯದೆ.